ಫೋನಿನಲ್ಲಿ ಆರೈಕೆ: ಯಾವುದಕ್ಕೆ ಮೊಬೈಲ್ ಸಾಕು, ಯಾವುದಕ್ಕೆ ಆಸ್ಪತ್ರೆಗೇ ಹೋಗಬೇಕು?

ಪುಣೆ ಕ್ಯಾಂಪ್ ಸುತ್ತಮುತ್ತ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಸಸೂನ್ ಸರ್ಕಾರಿ ಆಸ್ಪತ್ರೆ, ರೂಬಿ ಹಾಲ್, ಜಹಾಂಗೀರ್, ಗೋಳಿಬಾರ್ ಮೈದಾನದ ಬಳಿಯ ಸರ್ದಾರ್ ಪಟೇಲ್ ಕಂಟೋನ್ಮೆಂಟ್ ಆಸ್ಪತ್ರೆ, ವಾನವಡಿಯ ಸೇನಾ ಆಸ್ಪತ್ರೆ ಎಲ್ಲವೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಪುಣೆಯಲ್ಲೇ ನೆಲೆಸಿದ ಕನ್ನಡ ಕುಟುಂಬಗಳ ಜೊತೆಗೆ ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಸೊಲ್ಲಾಪುರ ದಾಟಿ ಚಿಕಿತ್ಸೆಗೆಂದು ಬರುವ ರೋಗಿಗಳೂ ಇದ್ದಾರೆ.

ಇಂಥ ಕುಟುಂಬಗಳ ತೊಂದರೆ ಆಸ್ಪತ್ರೆ ಸಿಗುವುದಿಲ್ಲ ಎಂಬುದಲ್ಲ. ತಂದೆ ಊರಿನಲ್ಲಿ, ಮಗಳು ಪುಣೆಯಲ್ಲಿ. ಹಳೆಯ ವರದಿ ಒಂದು ಕಡೆ, ಈಗ ನೋಡುವ ವೈದ್ಯರು ಇನ್ನೊಂದು ಕಡೆ. ರೋಗಿಗೆ ಬರುವುದು ಕನ್ನಡ, ಒಪಿಡಿಯಲ್ಲಿ ನಡೆಯುವುದು ಮರಾಠಿ, ಹಿಂದಿ, ಇಂಗ್ಲಿಷ್. ಈ ಅಂತರವನ್ನು ಕಡಿಮೆ ಮಾಡಲು ಮೊಬೈಲ್ ಬಹಳ ಉಪಯುಕ್ತ. ಆದರೆ ಎಲ್ಲಕ್ಕೂ ಮೊಬೈಲ್ ಸಾಕು ಎಂದುಕೊಂಡರೆ ಜೀವಕ್ಕೇ ಅಪಾಯವಾಗಬಹುದು. ಯಾವ ಕೆಲಸಕ್ಕೆ ಫೋನ್, ಯಾವುದಕ್ಕೆ ಆಸ್ಪತ್ರೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಮುಖ್ಯಾಂಶಗಳು

• ಮೊದಲೇ ಗೊತ್ತಿರುವ ಕಾಯಿಲೆಯ ಮುಂದುವರಿದ ಆರೈಕೆ, ವರದಿ ತೋರಿಸುವುದು, ಔಷಧದ ಬಗ್ಗೆ ಸಂದೇಹ ಕೇಳುವುದು: ಇವುಗಳಿಗೆ ಫೋನ್ ಸೂಕ್ತ.
• ಎದೆನೋವು, ಲಕ್ವದ ಲಕ್ಷಣ, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು: ಇವುಗಳಿಗೆ ವಿಡಿಯೋ ಕರೆ ಬೇಡ, ಆಂಬುಲೆನ್ಸ್ ಬೇಕು.
• ರೋಗಿಯ ಪರವಾಗಿ ಆರೈಕೆದಾರರು ವೈದ್ಯರೊಂದಿಗೆ ಮಾತನಾಡಲು ನಿಯಮದಲ್ಲಿ ಅವಕಾಶವಿದೆ.
• ನಿಮ್ಮ ಆರೋಗ್ಯ ದಾಖಲೆ ನಿಮ್ಮ ಒಪ್ಪಿಗೆಯಿಂದ ಮಾತ್ರ ಹಂಚಿಕೆಯಾಗಬೇಕು.

ಇಲ್ಲಿಯವರೆಗೆ ನಡೆದು ಬಂದ ದಾರಿ

ದೂರದಿಂದಲೇ ವೈದ್ಯರ ಸಲಹೆ ಪಡೆಯುವುದು ಕರ್ನಾಟಕಕ್ಕೆ ಹೊಸದಲ್ಲ. ಈ ಶತಮಾನದ ಆರಂಭದಲ್ಲೇ ಇಸ್ರೋ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರ ಜಿಲ್ಲಾಸ್ಪತ್ರೆ ಮತ್ತು ಆಗ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೊಂದಿಗೆ ಜೋಡಿಸಿತ್ತು. ಆಗ ಅದಕ್ಕೆ ಡಿಶ್ ಆಂಟೆನಾ, ಪ್ರತ್ಯೇಕ ಕೋಣೆ, ತಂತ್ರಜ್ಞರು ಎಲ್ಲ ಬೇಕಿತ್ತು. ಇಂದು ಅದೇ ಕೆಲಸ ಒಂದು ಸಾಧಾರಣ ಸ್ಮಾರ್ಟ್‌ಫೋನಿನಲ್ಲಿ ಆಗುತ್ತದೆ.

ದೊಡ್ಡ ಬದಲಾವಣೆ ಬಂದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಟಿಸಿತು. ನೋಂದಾಯಿತ ವೈದ್ಯರು ಫೋನ್, ವಿಡಿಯೋ ಅಥವಾ ಸಂದೇಶದ ಮೂಲಕ ರೋಗಿಯನ್ನು ನೋಡುವುದಕ್ಕೆ ಸ್ಪಷ್ಟ ನಿಯಮಗಳು ಸಿಕ್ಕವು. ಅದೇ ವರ್ಷ ಸರ್ಕಾರದ ಉಚಿತ ಸೇವೆ ಇ-ಸಂಜೀವಿನಿಯಲ್ಲಿ ರೋಗಿಗಳು ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆ ಆರಂಭವಾಯಿತು. 2023ರ ಫೆಬ್ರವರಿ ಹೊತ್ತಿಗೆ ಇ-ಸಂಜೀವಿನಿಯಲ್ಲಿ ನಡೆದ ಸಮಾಲೋಚನೆಗಳ ಸಂಖ್ಯೆ 10 ಕೋಟಿ ದಾಟಿತ್ತು.

ಕ್ಯಾಂಪ್ ಭಾಗದಲ್ಲಿ ಸೇನೆಯಲ್ಲಿರುವವರು ಮತ್ತು ನಿವೃತ್ತರ ಕುಟುಂಬಗಳು ಹೆಚ್ಚು. ಅವರಿಗಾಗಿ ರಕ್ಷಣಾ ಸಚಿವಾಲಯ 2021ರ ಮೇ 27ರಂದು ಸೇಹತ್ ಒಪಿಡಿ ಎಂಬ ದೂರ ಸಮಾಲೋಚನೆ ಸೇವೆ ಆರಂಭಿಸಿತು. ಮಾನಸಿಕ ಆರೋಗ್ಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. 2023ರ ಡಿಸೆಂಬರ್ 1ರಂದು ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗಾಗಿ ಟೆಲಿ ಮಾನಸ್‌ನ ಪ್ರತ್ಯೇಕ ಘಟಕವೊಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು.

ಫೋನಿನಲ್ಲಿ ವೈದ್ಯರನ್ನು ಕಾಣುವಾಗ ನಿಯಮವೇನು?

ಕರೆಯ ಆರಂಭದಲ್ಲಿ ವೈದ್ಯರು ತಮ್ಮ ಹೆಸರು ಮತ್ತು ಅರ್ಹತೆ ತಿಳಿಸಬೇಕು. ರೋಗಿಯ ಹೆಸರು, ವಯಸ್ಸು, ವಿಳಾಸ ಮುಂತಾದ ವಿವರ ಕೇಳಿ ಖಚಿತಪಡಿಸಿಕೊಳ್ಳಬೇಕು. ಅವರು ಕೊಡುವ ಔಷಧ ಚೀಟಿಯಲ್ಲಿ ವೈದ್ಯಕೀಯ ನೋಂದಣಿ ಸಂಖ್ಯೆ ಇರಲೇಬೇಕು. ಆ ಸಂಖ್ಯೆ ಇಲ್ಲದ ಚೀಟಿಯನ್ನು ನಂಬಬೇಡಿ.

ಎಲ್ಲ ಔಷಧಗಳನ್ನೂ ಫೋನಿನಲ್ಲಿ ಬರೆದುಕೊಡುವಂತಿಲ್ಲ. ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥ ಸಾಮಾನ್ಯ ಔಷಧಗಳನ್ನು ಯಾವುದೇ ಬಗೆಯ ಕರೆಯಲ್ಲಿ ಸೂಚಿಸಬಹುದು. ಇನ್ನು ಕೆಲವು ಔಷಧಗಳನ್ನು ಮೊದಲ ಸಲ ಬರೆಯಬೇಕಾದರೆ ವಿಡಿಯೋದಲ್ಲಿ ರೋಗಿಯನ್ನು ನೋಡಿರಬೇಕು. ಬಿಪಿ, ಸಕ್ಕರೆ ಕಾಯಿಲೆಯಂಥ ತೊಂದರೆಗೆ ಈಗಾಗಲೇ ನೇರವಾಗಿ ತೋರಿಸಿದ್ದರೆ, ಮುಂದಿನ ಭೇಟಿಯಲ್ಲಿ ಇನ್ನೊಂದು ಔಷಧ ಸೇರಿಸುವುದಕ್ಕೂ ಅವಕಾಶವಿದೆ. ಆದರೆ ಮಾದಕ ಮತ್ತು ಮನೋಪ್ರಭಾವಿ ಔಷಧಗಳ ಕಾಯ್ದೆಯಡಿ ಬರುವವು ಹಾಗೂ ಷೆಡ್ಯೂಲ್ ಎಕ್ಸ್ ಪಟ್ಟಿಯವನ್ನು ಈ ಮಾರ್ಗಸೂಚಿಯಡಿ ಫೋನಿನಲ್ಲಿ ಬರೆಯುವಂತಿಲ್ಲ. ವೈದ್ಯರು ನಿದ್ರೆ ಮಾತ್ರೆಗೆ ಆಸ್ಪತ್ರೆಗೇ ಬನ್ನಿ ಎಂದರೆ ಅದು ಹಟವಲ್ಲ, ನಿಯಮ ಪಾಲನೆ.

ಮುಂದುವರಿದ ಭೇಟಿ ಎಂದರೆ ಅದೇ ವೈದ್ಯರನ್ನು ಅದೇ ಕಾಯಿಲೆಗೆ ಕಳೆದ 6 ತಿಂಗಳೊಳಗೆ ನೇರವಾಗಿ ಕಂಡಿರಬೇಕು. ಹೊಸ ಲಕ್ಷಣ ಕಾಣಿಸಿಕೊಂಡಿದ್ದರೆ ಅಥವಾ 6 ತಿಂಗಳು ಮೀರಿದ್ದರೆ ಅದನ್ನು ಹೊಸ ಭೇಟಿ ಎಂದೇ ಪರಿಗಣಿಸಲಾಗುತ್ತದೆ. ನೇರವಾಗಿ ಪರೀಕ್ಷಿಸಬೇಕು ಅನಿಸಿದರೆ ಯಾವ ಹಂತದಲ್ಲಾದರೂ ಕರೆ ನಿಲ್ಲಿಸಿ ಆಸ್ಪತ್ರೆಗೆ ಕರೆಸುವ ಅಧಿಕಾರ ವೈದ್ಯರಿಗಿದೆ. ಹಾಗೆಯೇ ದೂರ ಸಮಾಲೋಚನೆ ಬೇಡ, ನೇರವಾಗಿ ತೋರಿಸುತ್ತೇನೆ ಎನ್ನುವ ಹಕ್ಕು ರೋಗಿಗೂ ಇದೆ.

ಆರೈಕೆದಾರರು ತಿಳಿಯಬೇಕಾದದ್ದು

ರೋಗಿ ಪಕ್ಕದಲ್ಲೇ ಇದ್ದರೆ ನೀವು ಅವರ ಪರವಾಗಿ ಮಾತನಾಡಬಹುದು. ರೋಗಿ ಜೊತೆಗಿಲ್ಲದಿದ್ದರೂ ಕೆಲವು ಸಂದರ್ಭಗಳಲ್ಲಿ ಅವಕಾಶವಿದೆ: ರೋಗಿ ಚಿಕ್ಕ ಮಗುವಾಗಿದ್ದರೆ, ಮರೆವಿನ ಕಾಯಿಲೆ, ಅಪಘಾತ ಮುಂತಾದ ಕಾರಣದಿಂದ ತಾವೇ ಮಾತನಾಡಲಾಗದ ಸ್ಥಿತಿಯಲ್ಲಿದ್ದರೆ, ನಿಮ್ಮ ಬಳಿ ಅವರ ಒಪ್ಪಿಗೆ ಪತ್ರ ಅಥವಾ ಸಂಬಂಧ ತೋರಿಸುವ ದಾಖಲೆ ಇದ್ದರೆ, ಇಲ್ಲವೆ ಹಿಂದಿನ ನೇರ ಭೇಟಿಯಲ್ಲಿ ರೋಗಿಯೇ ನಿಮ್ಮನ್ನು ವೈದ್ಯರಿಗೆ ತೋರಿಸಿ ಹೇಳಿದ್ದರೆ. ಆದ್ದರಿಂದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಾಗ, “ಇನ್ನು ಮುಂದೆ ನನ್ನ ಮಗಳು ಫೋನಿನಲ್ಲಿ ಮಾತನಾಡುತ್ತಾಳೆ” ಎಂದು ಅವರ ಬಾಯಿಂದಲೇ ಹೇಳಿಸಿ. ಒಂದು ಮಾತು ಮುಂದಿನ ಎಷ್ಟೋ ಓಡಾಟ ತಪ್ಪಿಸುತ್ತದೆ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಕೇಳಬಹುದೇ?

ಕಾಯಿಲೆಯ ಬಗ್ಗೆ ಸಾಮಾನ್ಯ ಮಾಹಿತಿ ಓದಿಕೊಳ್ಳಬಹುದು. ಆದರೆ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ತಾನಾಗಿ ರೋಗಿಗೆ ಸಲಹೆ ನೀಡುವುದಕ್ಕಾಗಲಿ, ಔಷಧ ಬರೆಯುವುದಕ್ಕಾಗಲಿ 2020ರ ಮಾರ್ಗಸೂಚಿ ಅನುಮತಿ ಕೊಟ್ಟಿಲ್ಲ. ಅದು ವೈದ್ಯರಿಗೆ ನೆರವಾಗಬಹುದು, ಕೊನೆಯ ನಿರ್ಧಾರ ವೈದ್ಯರದೇ. ಆ್ಯಪ್ ಹೇಳಿತೆಂದು ಔಷಧ ನಿಲ್ಲಿಸುವುದು, ಪ್ರಮಾಣ ಬದಲಿಸುವುದು ಮಾಡಬೇಡಿ.

ವರದಿಗಳ ಕಟ್ಟು ಫೋನಿಗೆ: ಆಭಾ ಸಂಖ್ಯೆ

2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ ಯಾರು ಬೇಕಾದರೂ ಆಭಾ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆ ಪಡೆಯಬಹುದು. ಇದು ಉಚಿತ, ಆಧಾರ್ ಅಥವಾ ಚಾಲನಾ ಪರವಾನಗಿ ಬಳಸಿ ಮಾಡಿಸಬಹುದು. ಮಾಡಿಸಲೇಬೇಕು ಎಂಬ ಕಡ್ಡಾಯವಿಲ್ಲ.

ಇದರ ಉಪಯೋಗ ಹೀಗೆ. ಕಲಬುರಗಿಯ ಆಸ್ಪತ್ರೆ ಮತ್ತು ಪುಣೆಯ ಆಸ್ಪತ್ರೆ ಎರಡೂ ಈ ವ್ಯವಸ್ಥೆಗೆ ಸೇರಿದ್ದು, ಎರಡು ಕಡೆಯೂ ಆಭಾ ಸಂಖ್ಯೆ ಕೊಟ್ಟಿದ್ದರೆ, ಅಲ್ಲಿಯ ವರದಿಯನ್ನು ಇಲ್ಲಿಯ ವೈದ್ಯರು ನಿಮ್ಮ ಒಪ್ಪಿಗೆ ಪಡೆದು ನೋಡಬಹುದು. ದಾಖಲೆಗಳು ಎಲ್ಲವೂ ಒಂದೇ ಕಡೆ ಸೇರುವುದಿಲ್ಲ. ಅವು ಮಾಡಿದ ಆಸ್ಪತ್ರೆ ಅಥವಾ ಲ್ಯಾಬ್‌ನಲ್ಲೇ ಇರುತ್ತವೆ. ಯಾರು, ಯಾವ ವರದಿಯನ್ನು, ಎಷ್ಟು ದಿನ ನೋಡಬಹುದು ಎಂಬುದನ್ನು ನೀವು ತೀರ್ಮಾನಿಸುತ್ತೀರಿ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂ ಬಹುದು. ಸೇರಿರುವ ಆಸ್ಪತ್ರೆಗಳ ಒಪಿಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು, ವಿಳಾಸ ಬರೆಸುವ ಸಾಲಿನಲ್ಲಿ ನಿಲ್ಲದೆ ಟೋಕನ್ ಸಿಗುತ್ತದೆ.

ಒಂದು ಗೊಂದಲ ಬೇಡ. ಆಭಾ ಸಂಖ್ಯೆ ಬೇರೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುವ ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ಇದ್ದ ಮಾತ್ರಕ್ಕೆ ಚಿಕಿತ್ಸೆ ಉಚಿತವಾಗುವುದಿಲ್ಲ.

ನಿಮ್ಮ ಆಸ್ಪತ್ರೆ ಇನ್ನೂ ಈ ವ್ಯವಸ್ಥೆಗೆ ಸೇರಿಲ್ಲವೇ? ಆಗಲೂ ಫೋನ್ ನೆರವಾಗುತ್ತದೆ. ಡಿಸ್ಚಾರ್ಜ್ ಪತ್ರ, ಇತ್ತೀಚಿನ ರಕ್ತ ಪರೀಕ್ಷೆ, ಇಸಿಜಿ, ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಇವುಗಳ ಸ್ಪಷ್ಟ ಫೋಟೋ ತೆಗೆದು, ದಿನಾಂಕ ಹಾಕಿ ಒಂದೇ ಫೋಲ್ಡರಿನಲ್ಲಿಡಿ. ಮಾತ್ರೆ ಪಟ್ಟಿಯ ಹಿಂಬದಿಯ ಫೋಟೋ ಮರೆಯಬೇಡಿ. ಔಷಧದ ಹೆಸರು, ಮಿಲಿಗ್ರಾಂ ಅಲ್ಲೇ ಇರುತ್ತದೆ. ಯಾವುದಾದರೂ ಔಷಧ ಒಗ್ಗದಿದ್ದರೆ ಅದನ್ನು ಮೊದಲ ಸಾಲಿನಲ್ಲಿ ಬರೆದಿಡಿ. ಕಾಗದದ ಮೂಲ ಪ್ರತಿಗಳನ್ನು ಎಸೆಯಬೇಡಿ.

ಮನೆಯಲ್ಲೇ ಅಳತೆ: ಸರಿಯಾಗಿ ನೋಡಿದರೆ ಮಾತ್ರ ಪ್ರಯೋಜನ

ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ ಬಿಪಿಗಿಂತ ಮನೆಯಲ್ಲಿ ಹಲವು ದಿನ ನೋಡಿ ಬರೆದಿಟ್ಟ ಬಿಪಿ ವೈದ್ಯರಿಗೆ ಹೆಚ್ಚು ಹೇಳುತ್ತದೆ. ಅಳೆಯುವಾಗ ಇವನ್ನು ಪಾಲಿಸಿ:

• ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ, ಸಿಗರೇಟು ಬೇಡ.
• 5 ನಿಮಿಷ ಸುಮ್ಮನೆ ಕುಳಿತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ.
• ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತದೆ ಬರಿ ತೋಳಿಗೆ ಸುತ್ತಿ. ತೋಳು ಎದೆಯ ಮಟ್ಟದಲ್ಲಿರಲಿ.
• ಒಂದು ನಿಮಿಷದ ಅಂತರದಲ್ಲಿ 2 ಸಲ ನೋಡಿ, ಎರಡನ್ನೂ ಬರೆಯಿರಿ.

ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಅಥವಾ ಸಕ್ಕರೆ ತೋರಿಸುತ್ತೇವೆ ಎನ್ನುವ ಆ್ಯಪ್‌ಗಳನ್ನು ನಂಬಿ ಔಷಧ ಬದಲಿಸಬೇಡಿ. ಬಿಪಿಗೆ ತೋಳಿಗೆ ಸುತ್ತುವ ಯಂತ್ರ, ಸಕ್ಕರೆಗೆ ಗ್ಲುಕೋಮೀಟರ್ ಬೇಕು. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು, ರೋಗಿ ಎಚ್ಚರವಾಗಿದ್ದು ನುಂಗಬಲ್ಲವರಾದರೆ 15 ಗ್ರಾಂನಷ್ಟು ಸಕ್ಕರೆ ಅಥವಾ ಗ್ಲುಕೋಸ್ ಕೊಟ್ಟು 15 ನಿಮಿಷದ ನಂತರ ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಿರಿ.

ಸಂದೇಶ ಬಂದರೆ ಸಾಕೇ?

ಔಷಧ ನೆನಪಿಸುವ ಸಂದೇಶ, ವ್ಯಾಯಾಮ ಮಾಡಿ ಎನ್ನುವ ಕರೆ ಇವುಗಳಿಂದ ಲಾಭವಿದೆಯೇ ಎಂದು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಫಲಿತಾಂಶ ಎಲ್ಲ ಕಡೆ ಒಂದೇ ಬಗೆಯದಲ್ಲ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಬರುವ ಅಂಚಿನಲ್ಲಿದ್ದ 537 ದುಡಿಯುವ ಪುರುಷರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆಹಾರ, ನಡಿಗೆಯ ಬಗ್ಗೆ ಆಗಾಗ ಎಸ್‌ಎಂಎಸ್ ಬರುತ್ತಿತ್ತು. 2 ವರ್ಷಗಳಲ್ಲಿ ಎಸ್‌ಎಂಎಸ್ ಪಡೆದವರಲ್ಲಿ ಶೇ 18ರಷ್ಟು, ಪಡೆಯದವರಲ್ಲಿ ಶೇ 27ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಬಂತು. ಅಂದರೆ ಸಂದೇಶ ಕೆಲಸ ಮಾಡಿತು.

2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ದಕ್ಷಿಣ ಭಾರತದ 3 ಕೇಂದ್ರಗಳಲ್ಲಿ ಎಚ್‌ಐವಿ ಚಿಕಿತ್ಸೆ ಆರಂಭಿಸಿದ 631 ಮಂದಿಯ ಮೇಲೆ ನಡೆಯಿತು. ಒಂದು ಗುಂಪಿಗೆ ವಾರಕ್ಕೊಮ್ಮೆ ಧ್ವನಿ ಕರೆ ಮತ್ತು ಚಿತ್ರ ಸಂದೇಶ ಹೋಗುತ್ತಿತ್ತು. ಸುಮಾರು 2 ವರ್ಷದ ನಂತರ ನೋಡಿದರೆ ಚಿಕಿತ್ಸೆಯ ಫಲದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಆರೈಕೆದಾರರು ತಿಳಿಯಬೇಕಾದದ್ದು ಇಷ್ಟೆ. ಮರೆವಿನಿಂದ ಮಾತ್ರೆ ತಪ್ಪುತ್ತಿದ್ದರೆ ಅಲಾರಂ ನೆರವಾಗಬಹುದು. ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ, ದುಡ್ಡಿಲ್ಲ, ಕಾಯಿಲೆ ಗೊತ್ತಾದರೆ ನೆರೆಹೊರೆ ಏನೆನ್ನುವುದೋ ಎಂಬ ಭಯ ಇವುಗಳಿಂದ ತಪ್ಪುತ್ತಿದ್ದರೆ ಅಲಾರಂ ಬಡಿದುಕೊಂಡರೂ ಪ್ರಯೋಜನವಿಲ್ಲ. “ಮಾತ್ರೆ ತಗೊಂಡ್ರಾ?” ಎಂದು ದಿನಾ ಕೇಳುವ ಬದಲು ಒಮ್ಮೆ “ತಗೊಳ್ಳೋಕೆ ಏನು ತೊಂದರೆ ಆಗ್ತಿದೆ?” ಎಂದು ಕೇಳಿ. ಉತ್ತರವನ್ನು ವೈದ್ಯರಿಗೆ ತಿಳಿಸಿ.

ಭಾಷೆ ಬಾರದಿದ್ದಾಗ

ಕನ್ನಡ ಮಾತ್ರ ಬಲ್ಲ ಹಿರಿಯರು ಪುಣೆಯ ಒಪಿಡಿಯಲ್ಲಿ ತಲೆಯಾಡಿಸಿ ಬರುವುದುಂಟು. ಮನೆಗೆ ಬಂದಾಗ ಯಾವ ಮಾತ್ರೆ ಯಾವಾಗ ಎಂಬುದೇ ತಿಳಿದಿರುವುದಿಲ್ಲ. ಇದಕ್ಕೆ ಕೆಲವು ಸುಲಭ ದಾರಿಗಳಿವೆ.

• ಭೇಟಿಯ ವೇಳೆ ಕನ್ನಡ ಮತ್ತು ಹಿಂದಿ ಅಥವಾ ಮರಾಠಿ ಎರಡೂ ಬಲ್ಲ ಮನೆಯವರನ್ನು ಫೋನಿನ ಸ್ಪೀಕರಿನಲ್ಲಿ ಸೇರಿಸಿಕೊಳ್ಳಿ. ಮೊದಲು ವೈದ್ಯರ ಅನುಮತಿ ಕೇಳಿ.
• ವೈದ್ಯರು ಹೇಳಿದ್ದನ್ನು ನೀವು ತಿಳಿದುಕೊಂಡಂತೆ ಅವರಿಗೇ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.
• ಮಾತ್ರೆಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು (ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟದ ಮೊದಲು, ನಂತರ) ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಧ್ವನಿ ಸಂದೇಶ ಮಾಡಿ ಕಳಿಸಿ.
• ಅನುವಾದ ಆ್ಯಪ್ ದಾರಿ ಕೇಳುವುದಕ್ಕೆ, ಸಾಮಾನ್ಯ ಮಾತಿಗೆ ಸರಿ. ಔಷಧದ ಪ್ರಮಾಣ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ ಇವುಗಳಿಗೆ ಅದನ್ನೊಂದನ್ನೇ ನೆಚ್ಚಬೇಡಿ.

ಮಾನಸಿಕ ತೊಂದರೆಯನ್ನು ತಾಯ್ನುಡಿಯಲ್ಲಿ ಹೇಳಿಕೊಂಡಷ್ಟು ಸಲೀಸಾಗಿ ಬೇರೆ ಭಾಷೆಯಲ್ಲಿ ಹೇಳಿಕೊಳ್ಳಲು ಆಗುವುದಿಲ್ಲ. ಟೆಲಿ ಮಾನಸ್ (14416) ಹಗಲು ರಾತ್ರಿ ತೆರೆದಿರುವ ಉಚಿತ ಸೇವೆ. ಆಯಾ ರಾಜ್ಯ ಆರಿಸಿಕೊಂಡ ಭಾಷೆಗಳಲ್ಲಿ, ದೇಶದಾದ್ಯಂತ ಒಟ್ಟು 20 ಭಾಷೆಗಳಲ್ಲಿ ಇದು ನಡೆಯುತ್ತದೆ. ಕರೆ ಮಾಡಿದಾಗ ಭಾಷೆಯ ಆಯ್ಕೆಗಳನ್ನು ಗಮನವಿಟ್ಟು ಕೇಳಿ. ರೋಗಿಯನ್ನು ನೋಡಿಕೊಂಡು ದಣಿದಿರುವ ಆರೈಕೆದಾರರೂ ಇಲ್ಲಿಗೆ ಕರೆ ಮಾಡಬಹುದು.

ಫೋನ್ ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭಗಳು

• ಎದೆಯಲ್ಲಿ ಒತ್ತಡ ಅಥವಾ ನೋವು, ಅದು ಎಡಗೈ, ದವಡೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು
• ಮುಖ ಸೊಟ್ಟಗಾಗುವುದು, ಒಂದು ಕೈ ಕಾಲು ಸೋಲುವುದು, ಮಾತು ತೊದಲುವುದು
• ಉಸಿರಾಡಲು ಕಷ್ಟ, ತುಟಿ ನೀಲಿಯಾಗುವುದು
• ಪ್ರಜ್ಞೆ ತಪ್ಪುವುದು, ಮೊದಲ ಬಾರಿ ಫಿಟ್ಸ್ ಬರುವುದು
• ನಿಲ್ಲದ ರಕ್ತಸ್ರಾವ, ತಲೆಗೆ ಪೆಟ್ಟು
• ಗರ್ಭಿಣಿಗೆ ರಕ್ತಸ್ರಾವ, ತೀವ್ರ ತಲೆನೋವು, ಮಗುವಿನ ಚಲನೆ ಕಡಿಮೆಯಾಗುವುದು
• ಬಿಪಿ 180/120 ದಾಟಿದ್ದು, ಜೊತೆಗೆ ಎದೆನೋವು, ದೃಷ್ಟಿ ಮಂಜು ಅಥವಾ ಉಸಿರಾಟದ ತೊಂದರೆ

ಲಕ್ವದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ವಿಡಿಯೋ ಕರೆಯ ಪಾಳಿಗೆ ಕಾಯುವ ಅರ್ಧ ಗಂಟೆಯೂ ಇಲ್ಲಿ ನಷ್ಟವೇ. ಲಕ್ಷಣ ಶುರುವಾದ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಿ.

ದೂರದಲ್ಲಿರುವ ತಂದೆ ತಾಯಿಗೆ ಆಂಬುಲೆನ್ಸ್

ಇದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. 108 ಅಥವಾ 112ಕ್ಕೆ ಪುಣೆಯಿಂದ ಕರೆ ಮಾಡಿದರೆ ಅದು ಮಹಾರಾಷ್ಟ್ರದ ಕೇಂದ್ರಕ್ಕೆ ಹೋಗುತ್ತದೆ. ವಿಜಯಪುರದಲ್ಲಿರುವ ತಂದೆಗೆ ಎದೆನೋವು ಬಂದಾಗ ಪುಣೆಯ ಮಗ 108 ಒತ್ತಿದರೆ ಅಮೂಲ್ಯ ನಿಮಿಷಗಳು ಕಳೆಯುತ್ತವೆ. ಕರೆ ಅಲ್ಲಿಂದಲೇ ಹೋಗಬೇಕು. ಆದ್ದರಿಂದ ಇಂದೇ ಹೀಗೆ ಮಾಡಿ: ಊರಿನ ಅಕ್ಕಪಕ್ಕದ ಇಬ್ಬರ ಸಂಖ್ಯೆ, ಹತ್ತಿರದ ಆಸ್ಪತ್ರೆಯ ಸ್ಥಿರ ದೂರವಾಣಿ, ಆಶಾ ಕಾರ್ಯಕರ್ತೆಯ ಸಂಖ್ಯೆ ನಿಮ್ಮ ಫೋನಿನಲ್ಲಿರಲಿ. ತಂದೆ ತಾಯಿಯ ಫೋನಿನಲ್ಲಿ 108 ಮತ್ತು ಪಕ್ಕದ ಮನೆಯವರ ಸಂಖ್ಯೆ ಒಂದೇ ಗುಂಡಿಗೆ ಸಿಗುವಂತಿರಲಿ. ಮನೆಯ ಗುರುತು, ದಾರಿ ಒಂದು ಚೀಟಿಯಲ್ಲಿ ಬಾಗಿಲ ಬಳಿ ಇರಲಿ.

ಮೋಸ ಹೋಗದಿರಲು

• ಆಸ್ಪತ್ರೆಯ ಸಂಖ್ಯೆಯನ್ನು ಅಂತರ್ಜಾಲದ ಹುಡುಕಾಟದಲ್ಲಿ ಮೊದಲು ಕಂಡದ್ದೆಂದು ನಂಬಬೇಡಿ. ಹಳೆಯ ಬಿಲ್ ಅಥವಾ ಒಪಿಡಿ ಚೀಟಿಯ ಮೇಲಿನ ಸಂಖ್ಯೆ ಬಳಸಿ.
• ಅಪಾಯಿಂಟ್‌ಮೆಂಟ್ ಕೊಡಲು ಒಟಿಪಿ ಕೇಳಿದರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲ್ ಇನ್‌ಸ್ಟಾಲ್ ಮಾಡಿ ಎಂದರೆ ಕರೆ ಕತ್ತರಿಸಿ.
• ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.
• ರೋಗಿಯ ವರದಿಯನ್ನು ಕುಟುಂಬದ ದೊಡ್ಡ ಗುಂಪುಗಳಿಗೆ ಹಾಕಬೇಡಿ. ಅದು ರೋಗಿಯ ಸ್ವಂತ ವಿಷಯ. ಹಿರಿಯರಾದರೂ, ಓದು ಬಾರದವರಾದರೂ ಅವರನ್ನು ಕೇಳಿಯೇ ಕಳಿಸಿ.

ಸಾಮಾನ್ಯ ಪ್ರಶ್ನೆಗಳು

ಸ್ಮಾರ್ಟ್‌ಫೋನ್ ಇಲ್ಲದವರು ಏನು ಮಾಡಬೇಕು?
ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ. ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿ ಇ-ಸಂಜೀವಿನಿ ಮೂಲಕ ದೊಡ್ಡ ಆಸ್ಪತ್ರೆಯ ವೈದ್ಯರೊಂದಿಗೆ ಮಾತನಾಡಿಸಬಹುದು. ಟೆಲಿ ಮಾನಸ್, 108 ಸೇವೆಗಳಿಗೆ ಸಾದಾ ಫೋನ್ ಸಾಕು.

ವೈದ್ಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ವರದಿ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಕಾಯಬಹುದೇ?
ಸಂದೇಶ ಕಳಿಸಿದ ಮಾತ್ರಕ್ಕೆ ವೈದ್ಯರು ನೋಡಿದ್ದಾರೆ ಎಂದಲ್ಲ. ತುರ್ತಿಲ್ಲದಿದ್ದರೆ ಒಪಿಡಿಗೆ ಕರೆ ಮಾಡಿ ಸಮಯ ಕೇಳಿ. ಲಕ್ಷಣ ಹೆಚ್ಚುತ್ತಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಫೋನ್ ಸಮಾಲೋಚನೆಗೆ ಶುಲ್ಕ ಇದೆಯೇ?
ಇ-ಸಂಜೀವಿನಿ ಉಚಿತ. ಖಾಸಗಿ ವೈದ್ಯರು ಶುಲ್ಕ ಪಡೆಯಬಹುದು. ಅದಕ್ಕೆ ರಸೀದಿ ಕೊಡಬೇಕು. ಎಷ್ಟು ಎಂಬುದನ್ನು ಕರೆಗೆ ಮೊದಲೇ ಕೇಳಿಕೊಳ್ಳಿ.

ಫೋನಿನಲ್ಲಿ ಉಳಿಸಿಡಬೇಕಾದ ಸಂಖ್ಯೆಗಳು

ತುರ್ತು ನೆರವು: 112
ಆಂಬುಲೆನ್ಸ್: 108
ಮಾನಸಿಕ ಆರೋಗ್ಯ, ಟೆಲಿ ಮಾನಸ್: 14416
ಹಿರಿಯ ನಾಗರಿಕರ ಸಹಾಯವಾಣಿ: 14567
ಸೈಬರ್ ವಂಚನೆ ದೂರು: 1930

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಕಾಯಿಲೆ, ಔಷಧದ ಬಗ್ಗೆ ನಿಮ್ಮನ್ನು ನೋಡುತ್ತಿರುವ ವೈದ್ಯರ ಮಾತೇ ಅಂತಿಮ.